ಮೂರನೆಯ ಸಲ ಕೇಳುವವರು

ನನಗೆ ‘ಬೇಕು’ ಎನ್ನಲು ಬರುವುದಿಲ್ಲ. ನ್ಯೂಜೆರ್ಸಿಯ ಮಾರಿಸ್‌ಟೌನಿನ ಔಷಧಿ ಕಂಪನಿಯೊಂದರಲ್ಲಿ ಬೇರೆಯವರ ಕೆಲಸದ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವ, ಐವತ್ತೇಳು ತುಂಬಿದ ಹೆಂಗಸು ಹೀಗೆ ಒಪ್ಪಿಕೊಳ್ಳುವುದು ನಾಚಿಕೆಗೇಡೇ. ಆದರೆ ಇದರಲ್ಲಿ ನನ್ನದಕ್ಕಿಂತ ನಮ್ಮಮ್ಮನ ತಪ್ಪು ಹೆಚ್ಚು. ನಾವು ಬೆಳೆದ ಮೈಸೂರಿನ ಒಂಟಿಕೊಪ್ಪಲಿನಲ್ಲಿ, ಯಾರ ಮನೆಗೆ ಹೋದರೂ ಕೊಟ್ಟದ್ದನ್ನು ಮೊದಲನೇ ಸಲಕ್ಕೇ ತೆಗೆದುಕೊಳ್ಳುವುದು ಮರ್ಯಾದಸ್ಥರ ಲಕ್ಷಣವಾಗಿರಲಿಲ್ಲ. ಮೊದಲನೇ ಸಲ ‘ಬೇಡ’, ಎರಡನೇ ಸಲ ‘ಅಯ್ಯೋ, ಈಗ ತಾನೇ ಆಯಿತು’, ಮೂರನೇ ಸಲ ‘ಸರಿ, ನಿಮ್ಮ ಬಲವಂತಕ್ಕೆ ಒಂದು ಚೂರು’. ಕೇಳುವವರಿಗೂ ಈ ಲೆಕ್ಕ ಗೊತ್ತಿದ್ದರಿಂದ ಯಾರೂ ಉಪವಾಸ ಬೀಳುತ್ತಿರಲಿಲ್ಲ. ಒಮ್ಮೆ ಮಾತ್ರ ಎದುರು ಮನೆಯ ಗೌರಿ ಹಬ್ಬದ ಊಟದಲ್ಲಿ, ಹೊಸದಾಗಿ ಬಂದ ಸೊಸೆ ಎರಡೇ ಸಲ ಕೇಳಿ ಚಿರೋಟಿಯ ತಟ್ಟೆಯನ್ನು ಪಕ್ಕದ ಎಲೆಗೆ ದಾಟಿಸಿಬಿಟ್ಟಳು. ಪಕ್ಕದ ಎಲೆಯವಳು ನನ್ನ ತಂಗಿ, ಅವಳಿಗೆ ಎರಡು ಬಿತ್ತು. ಆ ಚಿರೋಟಿ ದೂರ ಹೋದದ್ದು ನನ್ನ ಕಣ್ಣಿಗೆ ಇವತ್ತಿಗೂ ಕಟ್ಟಿದ ಹಾಗಿದೆ.

ಅಮೆರಿಕಕ್ಕೆ ಬಂದ ಮೊದಲ ಚಳಿಗಾಲದಲ್ಲೇ ಈ ವಿದ್ಯೆ ಕೈಕೊಟ್ಟಿತು. ಸ್ನೋ ಬೀಳುತ್ತಿದ್ದ ಒಂದು ಸಂಜೆ ಆಫೀಸಿನ ಸಹೋದ್ಯೋಗಿಯೊಬ್ಬ, ಟ್ರೇನ್ ಸ್ಟೇಷನ್ನಿನವರೆಗೆ ಕಾರಿನಲ್ಲಿ ಬಿಡಲೇ ಎಂದು ಕೇಳಿದ. ಸಂಪ್ರದಾಯದಂತೆ ಬೇಡ ಎಂದೆ. ಅವನು ಬೆಚ್ಚಗಿರಲು ಹೇಳಿ ಹೊರಟೇಹೋದ. ಎರಡನೇ ಸಲ ಕೇಳಲು ತಿರುಗಿ ಬರಬಹುದೆಂದು ಅವನ ಕಾರಿನ ಹಿಂದಿನ ಕೆಂಪು ದೀಪ ಮರೆಯಾಗುವವರೆಗೂ ನಿಂತಿದ್ದು, ಆಮೇಲೆ ನಡೆದೆ. ಅಂದಿನಿಂದ ಇಲ್ಲಿಯವರ ಹತ್ತಿರ ಮೊದಲ ಏಟಿಗೇ ‘ಎಸ್ ಪ್ಲೀಸ್’ ಎನ್ನುವುದನ್ನು ಕಷ್ಟಪಟ್ಟು ಕಲಿತಿದ್ದೇನೆ. ನಮ್ಮವರ ಹತ್ತಿರ ಮಾತ್ರ ಹಳೆಯ ಲೆಕ್ಕವೇ ನಡೆಯುತ್ತದೆಂದು ನಂಬಿದ್ದೆ. ಆ ನಂಬಿಕೆಯಿಂದಾಗಿಯೇ ಈ ವರ್ಷ ನಾನು ಉತ್ತರ ಯುರೋಪನ್ನು ನೋಡಲಿಲ್ಲ.

ಅಲ್ಲಿಗೆ ರೋಡ್ ಟ್ರಿಪ್ ಹೋಗುವ ಯೋಚನೆ ವೀಣಾಳದು. ವೀಣಾ ಮತ್ತು ಅವಳ ಗಂಡ ರಘು, ಸಮರ್‌ಸೆಟ್ಟಿನ ನನ್ನ ಅಪಾರ್ಟ್‌ಮೆಂಟಿನಿಂದ ಹತ್ತು ನಿಮಿಷದ ದೂರದಲ್ಲಿದ್ದಾರೆ. ಅವರ ಜೊತೆಗೆ ಇನ್ನೆರಡು ಜೋಡಿ. ಜೋಡಿಗಳೆಲ್ಲ ಸೇರಿ ಆರು, ನಾನೊಬ್ಬಳು ಏಳು. ನನಗೂ ಒಂದು ಕಾಲದಲ್ಲಿ ಜೋಡಿ ಇತ್ತು. ಹನ್ನೊಂದು ವರ್ಷ ಜೊತೆಗಿದ್ದು, ಕ್ಯಾಲಿಫೋರ್ನಿಯಾದ ಹವೆ ಒಗ್ಗುತ್ತದೆಂದು ಹೊರಟುಹೋಯಿತು. ಕೋಪನ್‌ಹೇಗನ್ನಿನಲ್ಲಿ ವ್ಯಾನ್ ಬಾಡಿಗೆಗೆ ಹಿಡಿದು, ಸ್ವೀಡನ್, ಫಿನ್ಲೆಂಡ್ ದಾಟಿ, ನಾರ್ವೆಯಲ್ಲಿ ರಸ್ತೆ ಮುಗಿದು ಸಮುದ್ರ ಶುರುವಾಗುವ ತುತ್ತತುದಿಯನ್ನು ಮುಟ್ಟಿ, ಕರಾವಳಿ ಹಿಡಿದು ವಾಪಸ್ಸು ಬರುವುದೆಂದು ಮಾತಾಯಿತು. ಪ್ಲಾನ್ ಮಾಡುವುದರಲ್ಲಿ ನನ್ನದು ಪಳಗಿದ ಕೈ ಎಂದು ಎಲ್ಲರೂ ಸೇರಿ ನನ್ನ ತಲೆಗೇ ಕಟ್ಟಿದರು. ಮೊದಲ ಶನಿವಾರ ಸೇರಿದ್ದೂ ನನ್ನ ಮನೆಯಲ್ಲೇ. ನನ್ನ ಡೈನಿಂಗ್ ಟೇಬಲ್ಲಿನ ಆರು ಕುರ್ಚಿಗಳಲ್ಲಿ ಐದರ ಮೇಲೆ ವರ್ಷವಿಡೀ ಮಡಿಸದ ಬಟ್ಟೆಗಳು ಕೂತಿರುತ್ತವೆ. ಆವತ್ತು ಅವನ್ನೆಲ್ಲ ಬಾಚಿ ಮಂಚದ ಮೇಲೆ ಹಾಕಿದೆ, ಕುರ್ಚಿಗಳಲ್ಲಿ ಜನ ಕೂತರು, ನಾನು ಸ್ಟೂಲಿನ ಮೇಲೆ ಕೂತೆ. ಬಿಸಿಬೇಳೆಬಾತ್ ಪಾತ್ರೆಯ ತಳ ಕಂಡಿತು. ಎಲ್ಲರೂ ಹೋದ ಮೇಲೆ ಏಳು ತಟ್ಟೆ ತೊಳೆಯುತ್ತಾ ಹಾಡು ಗುನುಗುತ್ತಿದ್ದೆನೆಂಬುದು ನನಗೇ ಆಮೇಲೆ ಗೊತ್ತಾಯಿತು.

ಇಲ್ಲಿ ಇನ್ನೊಂದು ತಪ್ಪೊಪ್ಪಿಗೆ. ಅವರು ಕೇಳಿದ್ದು ಹತ್ತು ದಿನದ ಪ್ರವಾಸ. ಹತ್ತು ದಿನದ ಪ್ರವಾಸದ ಪ್ಲಾನ್ ಎರಡು ಶನಿವಾರಕ್ಕೆ ಮುಗಿದುಹೋಗುತ್ತದೆ. ಹಾಗಾಗಿ ನಾನು ಅದನ್ನು ಹದಿನೆಂಟು ದಿನಕ್ಕೆ ಎಳೆದೆ. ಹಿಮಸಾರಂಗಗಳು ರಸ್ತೆಗೆ ಅಡ್ಡ ಬಂದರೆ ಹೇಗೆ ಎಂಬುದಕ್ಕೆ ಒಂದು ಶನಿವಾರ, ನಾರ್ವೆಯ ಫೆರಿಗಳ ವೇಳಾಪಟ್ಟಿಗೆ ಒಂದು ಶನಿವಾರ. ಕೆಲಸ ಮುಗಿಯಿತು ಅನ್ನಿಸಿದಾಗ ದೇವರೇ ಸಂಕಷ್ಟಿಯನ್ನು ಕಳಿಸಿದ. ವೀಣಾ ಪ್ರತಿ ತಿಂಗಳೂ ಸಂಕಷ್ಟಿ ಉಪವಾಸ ಮಾಡುತ್ತಾಳೆ, ಚಂದ್ರನನ್ನು ನೋಡದೆ ಊಟ ಮಾಡುವುದಿಲ್ಲ. ಜೂನಿನ ಸಂಕಷ್ಟಿಯ ದಿನ ನಮ್ಮ ವ್ಯಾನ್ ನಾರ್ವೆಯ ತುದಿಯಲ್ಲಿರಬೇಕಿತ್ತು. ಅಲ್ಲಿ ಆ ತಿಂಗಳು ಸೂರ್ಯ ಮುಳುಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಚಂದ್ರ ಆ ದಿನ ಹುಟ್ಟುವುದೇ ಇಲ್ಲ ಎಂಬುದನ್ನು ಪಂಚಾಂಗವನ್ನೂ ಖಗೋಳದ ವೆಬ್‌ಸೈಟನ್ನೂ ಪಕ್ಕಪಕ್ಕ ಇಟ್ಟುಕೊಂಡು ಕಂಡುಹಿಡಿದವಳು ನಾನು. ವೀಣಾ ಗಾಬರಿಯಾದಳು, ರಘು ವಿಡಿಯೋ ಕಾಲ್‌ನಲ್ಲಿ ನ್ಯೂಜೆರ್ಸಿಯ ಚಂದ್ರನನ್ನು ನೋಡಿದರಾಯಿತು ಎಂದ, ಅದು ಶಾಸ್ತ್ರಕ್ಕೆ ಬರುತ್ತದೋ ಇಲ್ಲವೋ ಎಂದು ಚರ್ಚೆ ನಡೆಯಿತು. ನಾನು ಇಡೀ ಮಾರ್ಗವನ್ನೇ ಹಿಂದುಮುಂದು ಮಾಡಿ, ಆ ದಿನ ಡೆನ್ಮಾರ್ಕಿನಲ್ಲಿ, ಚಂದ್ರ ಹುಟ್ಟುವ ಆಗ್ನೇಯಕ್ಕೆ ಮರ ಕಟ್ಟಡ ಯಾವುದೂ ಅಡ್ಡವಿಲ್ಲದ ಹೋಟೆಲೊಂದನ್ನು ಹುಡುಕಿಕೊಟ್ಟೆ. ಅದಕ್ಕೆ ಮೂರು ಶನಿವಾರ ಹಿಡಿಯಿತು. ಅಷ್ಟು ಸಂತೋಷದ ಮೂರು ಶನಿವಾರಗಳು ನನಗೆ ಇತ್ತೀಚೆಗೆ ಸಿಕ್ಕಿರಲಿಲ್ಲ.

ಕೆಟ್ಟದ್ದು ವ್ಯಾನಿನಲ್ಲಿ. ಅದು ಏಳು ಸೀಟಿನದು. ಅದಕ್ಕಿಂತ ದೊಡ್ಡದು ಬೇಕೆಂದರೆ ಗೇರ್ ಹಾಕಿ ಓಡಿಸುವಂಥದ್ದೇ ಸಿಗುತ್ತಿತ್ತು, ಮತ್ತು ನಾವೆಲ್ಲ ಕ್ಲಚ್ ತುಳಿದು ಇಪ್ಪತ್ತು ವರ್ಷವಾಗಿತ್ತು. ಏಳೂ ಸೀಟಿನಲ್ಲಿ ಜನ ಕೂತರೆ ಹಿಂದೆ ಒಂದು ಕೊಡೆ ಇಡಲಿಕ್ಕೂ ಜಾಗವಿಲ್ಲ. ಸಾಮಾನು ಕೊಡೆಯಷ್ಟಿರಲಿಲ್ಲ. ರಘುವಿಗೆ ಎರಡು ಹೊತ್ತೂ ಅನ್ನವಾಗಬೇಕು. ಇಲ್ಲಿಯ ರೈಸ್ ಕುಕ್ಕರ್ ಅಲ್ಲಿಯ ಕರೆಂಟಿಗೆ ಸುಟ್ಟುಹೋಗುತ್ತದೆಂದು ಹೊಸದೊಂದು ತರಿಸಿದ್ದ. ಸೋನಾ ಮಸೂರಿ, ಹುರಿದ ರವೆ, ಗೊಜ್ಜವಲಕ್ಕಿ, ಹುಳಿಪುಡಿ, ಚಟ್ನಿಪುಡಿ, ಮೂರು ಬಗೆ ಉಪ್ಪಿನಕಾಯಿ, ಇಡ್ಲಿ ಸ್ಟ್ಯಾಂಡು. ಕೆಲಸದ ಚಾಳಿ ನೋಡಿ, ಪ್ರತಿಯೊಂದರ ಉದ್ದ ಅಗಲ ಅಳೆದು, ಪ್ರವಾಸಕ್ಕೆಂದೇ ಕಂಪ್ಯೂಟರಿನಲ್ಲಿ ಮಾಡಿಟ್ಟಿದ್ದ ಶೀಟಿನಲ್ಲಿ ತುಂಬಿಸಿದ್ದೆ. ಏಳನೆಯ ಸೀಟು ಮಡಿಸಿದರೆ ಎಲ್ಲ ಸರಿಯಾಗಿ ಕೂರುತ್ತದೆಂದು ಶೀಟು ಹೇಳಿತು. ಅದನ್ನು ಗಟ್ಟಿಯಾಗಿ ಓದಿದವಳೂ ನಾನೇ.

ಕುಕ್ಕರ್ ಬಿಟ್ಟು ಹೋಗೋಣ ಎಂದು ಯಾರಾದರೂ ಹೇಳುತ್ತಾರೆಂದು ಕಾದೆ. ರಘು ಹಪ್ಪಳ ಮುರಿಯುತ್ತಿದ್ದ. ಆಗ ನನ್ನೊಳಗಿನ ಒಂಟಿಕೊಪ್ಪಲು ಎದ್ದು ಕೂತಿತು. ‘ನಾನೇ ಬಿಡ್ತೀನಿ ಬಿಡಿ. ಅಷ್ಟು ದೂರ ಕೂತ್ರೆ ನನಗೆ ಸೊಂಟ ಹಿಡ್ಕೊಳ್ಳತ್ತೆ’ ಎಂದೆ. ನನ್ನ ಸೊಂಟ ಕಬ್ಬಿಣದ ಹಾಗಿದೆ.

‘ಅಯ್ಯೋ ಮಾಲತಿ, ಆರ್ ಯು ಶೂರ್?’ ಎಂದಳು ವೀಣಾ. ಇದು ಒಂದನೆಯದು ಎಂದು ಮನಸ್ಸಿನಲ್ಲೇ ಎಣಿಸಿ, ಹೂಂ, ನಿಜವಾಗಿಯೂ ಎಂದೆ. ‘ನಿಮ್ಮ ಶೀಟ್ ಇದ್ರೆ ನೀವೇ ಇದ್ದ ಹಾಗೆ ಮಾಲತಿಯವ್ರೇ’ ಎಂದ ರಘು. ಇದನ್ನು ಎರಡನೆಯದೆಂದು ಎಣಿಸಬೇಕೋ ಬೇಡವೋ ತಿಳಿಯಲಿಲ್ಲ. ಉದಾರವಾಗಿ ಎಣಿಸಿಕೊಂಡೆ. ಮೂರನೆಯದಕ್ಕೆ ಸಿದ್ಧವಾಗಿ, ‘ಸರಿ, ನಿಮ್ಮ ಬಲವಂತಕ್ಕೆ’ ಎಂಬುದನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಕೂತೆ. ಮಾತು ಸನ್‌ಸ್ಕ್ರೀನಿಗೆ ಹೊರಳಿತು. ನನಗೆ ಅಳು ಬಂತು. ಎದ್ದು ಹೋಗಿ ಮೊಸರು ತಂದೆ.

ಮುಂದಿನ ಶನಿವಾರ ಯಾರೂ ಬರಲಿಲ್ಲ, ಬರಬೇಕಾದ ಕಾರಣವೂ ಇರಲಿಲ್ಲ. ಬಟ್ಟೆಗಳು ಕುರ್ಚಿಗೆ ಮರಳಿದವು. ಹೊರಡುವ ವಾರ ವೀಣಾ ಫೋನ್ ಮಾಡಿ, ಏರ್‌ಪೋರ್ಟಿಗೆ ಡ್ರಾಪ್ ಮಾಡಲಾಗುತ್ತದೆಯೇ ಎಂದು ಕೇಳಿದಳು. ಅದಕ್ಕೆ ಮಾತ್ರ ನನ್ನ ಬಾಯಿಂದ ಮೊದಲನೇ ಸಲಕ್ಕೇ ‘ಖಂಡಿತ’ ಬಂತು. ನ್ಯೂವಾರ್ಕ್ ಏರ್‌ಪೋರ್ಟಿನಲ್ಲಿ ಗಂಡಹೆಂಡತಿಯನ್ನೂ ಕುಕ್ಕರನ್ನೂ ಇಳಿಸಿ ಬರುವಾಗ ಕಾರೆಲ್ಲ ಗೊಜ್ಜವಲಕ್ಕಿಯ ವಾಸನೆ. ಮನೆಗೆ ಬಂದು, ಮಾಡಲು ಬೇರೆ ಕೆಲಸವಿಲ್ಲದೆ ಶೀಟು ತೆರೆದೆ. ಬರುವವರ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಇನ್ನೂ ‘ಹೌದು’ ಎಂದಿತ್ತು. ಅದನ್ನು ಅಳಿಸಿ ‘ಇಲ್ಲ’ ಎಂದು ತುಂಬಿದಾಗ, ಕೆಳಗಿನ ಸಾಲಿನಲ್ಲಿ ಇನ್ನೊಂದು ‘ಇಲ್ಲ’ ಕಂಡಿತು. ಅದು ಶಾಂತಕ್ಕನದು.

ಶಾಂತಕ್ಕ ನಮ್ಮ ಬಿಲ್ಡಿಂಗಿನ ಮೇಲಿನ ಮನೆಯವರು. ಧಾರವಾಡದವರು, ಆಸ್ಪತ್ರೆಯ ಲ್ಯಾಬಿನಿಂದ ರಿಟೈರ್ ಆಗಿದ್ದಾರೆ, ನನ್ನ ಹಾಗೆಯೇ ಒಬ್ಬರೇ ಇರುತ್ತಾರೆ. ಪ್ಲಾನಿನ ಮೊದಲ ದಿನಗಳಲ್ಲಿ ಮೇಲ್‌ಬಾಕ್ಸಿನ ಹತ್ತಿರ ಸಿಕ್ಕಾಗ, ಬಾಯಿಮಾತಿಗೆ ನೀವೂ ಬನ್ನಿ ಎಂದಿದ್ದೆ. ‘ಬ್ಯಾಡ್ರೀ, ನಿಮ್ಮ ಗುಂಪಿನ್ಯಾಗ ನಾ ಯಾಕ’ ಎಂದಿದ್ದರು. ನಾನು ಎರಡನೇ ಸಲ ಕೇಳಿರಲಿಲ್ಲ. ಎಂಟನೆಯವರಿಗೆ ಸೀಟಿಲ್ಲವಲ್ಲ, ಸದ್ಯ ಬದುಕಿದೆ ಎಂದುಕೊಂಡು ಲಿಫ್ಟ್ ಹತ್ತಿದ್ದೆ. ಈಗ ಅದನ್ನು ನೋಡಿ ಮುಖ ಬಿಸಿಯಾಯಿತು. ಮನೆಯಲ್ಲಿ ಉಳಿದಿದ್ದ ಚಟ್ನಿಪುಡಿಯನ್ನು ಡಬ್ಬಿಗೆ ತುಂಬಿಕೊಂಡು ಅವರ ಬಾಗಿಲು ತಟ್ಟಿದೆ.

ಬರುವ ವರ್ಷ ನಾವಿಬ್ಬರೇ ಹೋಗೋಣ, ಪ್ಲಾನ್ ಹೇಗೂ ಸಿದ್ಧವಿದೆ ಎಂದೆ. ಬ್ಯಾಡ ಎಂದರು. ಸಣ್ಣ ಕಾರು ಸಾಕು ಎಂದೆ. ಬ್ಯಾಡ ಎಂದರು. ಸಂಪ್ರದಾಯ ತಪ್ಪದಂತೆ ಮೂರನೇ ಸಲವೂ ಕೇಳಿದೆ. ಅವರು ನನ್ನ ಮುಖ ನೋಡಿ ನಕ್ಕರು. ‘ಖರೇ ಹೇಳ್ತೀನ್ರೀ, ಗಾಡ್ಯಾಗ ಕೂತ್ರ ನನಗ ವಾಂತಿ ಬರ್ತದ. ಇಲ್ಲೇ ಬಾಜೂಕಿನ ಎಡಿಸನ್ ತನಕ ಹೋಗೂದೇ ತ್ರಾಸ. ನಾ ಬ್ಯಾಡ ಅಂದ್ರ ಬ್ಯಾಡರೀ, ಬೇಕಾದ್ರ ಬೇಕು ಅಂತೀನಿ’ ಎಂದರು. ಇಷ್ಟು ಸರಳವಾದ ಪದ್ಧತಿಯೊಂದು ನಮ್ಮ ನಾಡಿನಲ್ಲೇ ಇದ್ದದ್ದು ನನಗೆ ತಿಳಿದೇ ಇರಲಿಲ್ಲ. ಆಮೇಲೆ ಅವರು ‘ಚಾ ಮಾಡ್ಲೇನ್ರೀ?’ ಎಂದು ಕೇಳಿದರು.

‘ಬೇಡ, ಈಗ ತಾನೇ ಕುಡಿದು ಬಂದೆ’ ಎಂದೆ. ಬೆಳಿಗ್ಗೆಯಿಂದ ಏನೂ ಕುಡಿದಿರಲಿಲ್ಲ.

‘ಆತು ಬಿಡ್ರಿ’ ಎಂದು ಅವರು ಕೂತೇಬಿಟ್ಟರು. ಹವೆಯ ಬಗ್ಗೆ ನಾಲ್ಕು ಮಾತಾಡಿದೆವು. ನಾನು ಎದ್ದೆ, ಬಾಗಿಲ ಬಳಿ ಒಂದು ಷೂ ಹಾಕಿಕೊಂಡೆ. ಇನ್ನೊಂದನ್ನು ಕೈಯಲ್ಲಿ ಹಿಡಿದಾಗ, ಕೆಳಗಿನ ನನ್ನ ಮನೆಯ ಕುರ್ಚಿಗಳು ನೆನಪಾದವು. ‘ಶಾಂತಕ್ಕ, ನನಗೆ ಟೀ ಬೇಕು’ ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಅವರಿಗೆ ಇದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಒಳಗೆ ಹೋಗಿ ಒಲೆ ಹಚ್ಚಿ, ಎಷ್ಟು ಇಡಲಿ ಎಂದು ಅಲ್ಲಿಂದಲೇ ಕೇಳಿದರು. ಅರ್ಧ ಕಪ್ ಸಾಕು ಎಂದೆ. ಶಾಂತಕ್ಕ ನನ್ನ ಮಾತನ್ನು ನಂಬಿ, ಅಳೆದಂತೆ ಅರ್ಧ ಕಪ್ಪೇ ಕೊಟ್ಟರು.