ಕ್ಯಾಲ್ಸಿಯಂ ಅಯಾನು ನುಂಗಿದ ನನ್ನ ಡಾಕ್ಟರೇಟು

ಶಿರಸಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ನಾನು, ನಿವೃತ್ತಿಯೊಳಗೆ ಹೆಸರಿನ ಮುಂದೆ ‘ಡಾ.’ ಸೇರಿಸಿಕೊಂಡೇ ತೀರುವುದೆಂದು ಪಣ ತೊಟ್ಟಿದ್ದೆ. ವಿಷಯವೂ ಘನವಾದದ್ದೇ. ಕ್ಯಾಲ್ಸಿಯಂ ಅಯಾನಿನ ಹೊರಗಿನ ಎಲೆಕ್ಟ್ರಾನು ಮೇಲಿನ ಮಟ್ಟದಿಂದ ಕೆಳಕ್ಕೆ ಜಿಗಿದು ಬೆಳಕು ಬಿಡುತ್ತದಲ್ಲ, ಆ ಜಿಗಿತದ ಸಂಭವನೀಯತೆ ಎಷ್ಟು? ಅದರಲ್ಲಿರುವ ಹತ್ತೊಂಬತ್ತು ಎಲೆಕ್ಟ್ರಾನುಗಳನ್ನೂ ಹಿಡಿದು ಕೂತರೆ ನನ್ನ ಆಯುಷ್ಯ ಸಾಲದು. ಆದ್ದರಿಂದ ಒಳಗಿನ ಹದಿನೆಂಟನ್ನು ಅಲುಗಾಡದ ಮುದ್ದೆಯೆಂದು ಭಾವಿಸಿ, ಹೊರಗಿನದೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡೆ. ಸರಳ ಮಾದರಿ!

ಹೆಂಡತಿಗೆ ವಿವರಿಸಿದೆ.

“ಒಳಗಿದ್ದವಕ್ಕೆ ಎಂತೂ ಕೆಲಸ ಇಲ್ಯ?” ಎಂದಳು.

“ಇಲ್ಲೆ. ಸುಮ್ನೆ ಕೂತಿರ್ತ.”

“ಈ ಮನೆಯಲ್ಲೂ ಹಂಗೇಯ. ಒಳಗೆ ದುಡಿಯವು ಲೆಕ್ಕಕ್ಕಿಲ್ಲೆ, ಹೊರಗೆ ತಿರುಗವಂಗೆ ಹೆಸರು.”

ವಿಜ್ಞಾನಿ ಇಂಥದಕ್ಕೆಲ್ಲ ಕಿವಿಗೊಡಬಾರದು. ಜಿಗಿತವನ್ನು ಲೆಕ್ಕ ಹಾಕಲು ಎರಡು ದಾರಿ: ಎಲೆಕ್ಟ್ರಾನಿನ ಸ್ಥಾನದಿಂದ ಒಂದು, ವೇಗದಿಂದ ಇನ್ನೊಂದು. ಎರಡೂ ಕಡೆ ಒಂದೇ ಉತ್ತರ ಬಂತು, ದಶಾಂಶಕ್ಕೆ ದಶಾಂಶ. ಇಷ್ಟಾದ ಮೇಲೂ ಪ್ರಯೋಗಾಲಯದಲ್ಲಿ ಅಳೆದ ಬೆಲೆಯನ್ನು ಹುಡುಕುವುದು ನನ್ನ ಲೆಕ್ಕಕ್ಕೇ ಅವಮಾನವೆನಿಸಿತು. ಹುಡುಕಲಿಲ್ಲ. ಪ್ರಬಂಧಕ್ಕೆ ಕೆಂಪು ರಟ್ಟು ಹಾಕಿಸಿ, ಚಿನ್ನದ ಅಕ್ಷರ ಒತ್ತಿಸಿದೆ. ಅದನ್ನು ಒಪ್ಪಿಸುವ ಮೊದಲು ವಿಶ್ವವಿದ್ಯಾಲಯದಲ್ಲಿ ಮಂಡಿಸಬೇಕಿತ್ತು. ಯಲ್ಲಾಪುರದ ಭಾವ ಜೀಪು ತಂದ. ನೆಂಟರು ತುಂಬಿಕೊಂಡರು. ಪರೀಕ್ಷಕರಿಗೆಂದು ನಮ್ಮ ಕಡೆಯ ಸಿಹಿ, ಒಂದು ಡಬ್ಬಿ ತೊಡೆದೇವು.

ಪರೀಕ್ಷಕರಾಗಿ ಕೂತಿದ್ದ ಧಾರವಾಡ ಕಡೆಯ ಪ್ರೊಫೆಸರು ಕೊನೆಯ ತನಕ ಕೇಳಿ, ಕನ್ನಡಕ ತೆಗೆದರು.

“ಅಲ್ರೀ ಸರ, ನಿಮ್ಮ ಮಾದರಿಯೊಳಗ ಈ ಎರಡೂ ಉತ್ತರ ಕೂಡಲೇಬೇಕು. ಮಾದರಿ ತಪ್ಪಿದ್ರೂ ಕೂಡ್ತಾವ. ಕೆಟ್ಟ ತಕ್ಕಡಿಯೊಳಗ ಒಂದ ಚೀಲಾ ಎರಡ ಸರ್ತಿ ತೂಗಿದಂಗಾತು.”

ಆಮೇಲೆ ಅಳೆದ ಬೆಲೆಯನ್ನು ನನ್ನ ಬೆಲೆಯ ಪಕ್ಕದಲ್ಲೇ ಬರೆದರು. ಎರಡಕ್ಕೂ ಮುಖ ಕೊಟ್ಟು ಮಾತಿಲ್ಲ.

“ನಿಮ್ಮ ಎಲೆಕ್ಟ್ರಾನಿಗೆ ಭಾಳ ಅವಸರ ನೋಡ್ರಿ. ಒಳಗಿನ ಮುದ್ದಿ ಸುಮ್ನ ಕೂಡೂದಿಲ್ಲ. ಹೊರಗಿಂದು ಎಳದಂಗ ಅದೂ ಸರೀತದ. ಅದನ್ನ ಬಿಟ್ಟೀರಿ.”

“ತಿದ್ದಲಿಕ್ಕೆ ಎಷ್ಟು ದಿನ ಬೇಕು ಸರ್?”

“ದಿನ ಏನ್ರೀ, ಎರಡ-ಮೂರ ವರ್ಷದಾಗ ಆಗ್ತದ.”

ನನ್ನ ನಿವೃತ್ತಿ ಬರುವ ಬೇಸಿಗೆಗೆ. ಅಷ್ಟರಲ್ಲಿ, ಪ್ರೊಫೆಸರ ಮಾತು ಮುಗಿದದ್ದೇ ಪದವಿ ಸಿಕ್ಕಿತೆಂದು ತಿಳಿದು ಹಿಂದಿನ ಸಾಲಿನಲ್ಲಿ ಭಾವ ಚಪ್ಪಾಳೆ ಹೊಡೆದ. ನೆಂಟರೆಲ್ಲ ಕೈಜೋಡಿಸಿದರು. ನನ್ನ ಮಾರ್ಗದರ್ಶಕರು ಕಿಟಕಿಯಾಚೆ ನೋಡುತ್ತಿದ್ದರು.

“ತೊಡೆದೇವು ಭಾಳ ಚಲೋ ಅದಾವ್ರಿ,” ಎಂದರು ಪ್ರೊಫೆಸರು. ಆ ದಿನ ಅಲ್ಲಿ ಅಂಗೀಕಾರವಾದದ್ದು ಅದೊಂದೇ.

ಮನೆಗೆ ಬಂದಾಗ ಹೆಂಡತಿ ತೊಡೆದೇವಿನ ಖಾಲಿ ಡಬ್ಬಿ ಇಸಿದುಕೊಂಡು ತೊಳೆದಿಟ್ಟಳು. ಬೈದಿದ್ದರೆ ವಾಸಿಯಿತ್ತು.

ಮರುದಿನ ತರಗತಿಗೆ ಹೋಗಿ ಜಲಜನಕದ ಪರಮಾಣುವನ್ನು ಪಾಠ ಮಾಡಿದೆ. ಅದರಲ್ಲಿರುವುದು ಒಂದೇ ಎಲೆಕ್ಟ್ರಾನು. ಲೆಕ್ಕದಿಂದ ಬಿಟ್ಟುಬಿಡಲು ಒಳಗೆ ಯಾರೂ ಇಲ್ಲ. ಅಷ್ಟರ ಮಟ್ಟಿಗೆ ನಾನು ಈಗಲೂ ವಿದ್ವಾಂಸ.