ಪುಸ್ತಕದಲ್ಲಿಲ್ಲದ ಆನೆ

ನಲ್ಲಿ ರಿಪೇರಿಯವನ ಕನ್ನಡಕದ ಮೇಲೆ ಪಕ್ಕದ ಮನೆಯ ತಾತ ಕೂತದ್ದು ಮಧ್ಯಾಹ್ನ ಹನ್ನೆರಡಕ್ಕೆ. ತಾತ ಎದ್ದ ಮೇಲೆ ನೋಡಿದರೆ ಕನ್ನಡಕ ಬಸ್ಸಿನಡಿ ಸಿಕ್ಕ ಜೇಡದ ಹಾಗೆ ನಾಲ್ಕೂ ದಿಕ್ಕಿಗೆ ಕಾಲು ಚಾಚಿಕೊಂಡು ಸತ್ತಿತ್ತು.

"ಕೂರೋ ಜಾಗದಲ್ಲಿ ಯಾರಾದ್ರೂ ಕನ್ನಡಕ ಇಡ್ತಾರೇನಯ್ಯಾ?" ಎಂದು ತಾತ ಇವನನ್ನೇ ಗದರಿದರು.

"ಗಾಜು ಪರೀಕ್ಷೆ ಮಾಡ್ತೀನಿ ಅಂತ ನನ್ ಮೂಗಿಂದ ಕಿತ್ಕೊಂಡು ಅಲ್ಲಿಟ್ಟಿದ್ದು ನೀವೇ ಅಲ್ವಾ ತಾತ!"

ಅವತ್ತು ಎರಡೂವರೆಗೆ ಅವನು ಎರಡನೇ ಕ್ಲಾಸಿನಲ್ಲಿ ಕತೆಪುಸ್ತಕ ಓದಬೇಕಿತ್ತು. ಶಾಲೆಯಲ್ಲಿ 'ನನ್ನ ನೆಚ್ಚಿನ ಪುಸ್ತಕ' ಅಂತ ಹೊಸ ಚಟುವಟಿಕೆ ಶುರುವಾಗಿತ್ತು. ವಾರಕ್ಕೊಬ್ಬ ಮಗುವಿನ ಅಪ್ಪನೋ ಅಮ್ಮನೋ ಬಂದು, ಆ ಮಗುವಿಗೆ ಇಷ್ಟವಾದ ಪುಸ್ತಕವನ್ನು ಇಡೀ ಕ್ಲಾಸಿಗೆ ಓದಿ ಹೇಳಬೇಕು. ಈ ವಾರ ಅವನ ಮಗಳ ಸರದಿ. ಅವಳ ಬಾಯಿಗೆ ಬಿಡುವಿಲ್ಲದ್ದರಿಂದ ಬೀದಿಯವರೆಲ್ಲ ಅವಳನ್ನು ಪಿಟೀಲು ಎಂದು ಕರೆಯುತ್ತಿದ್ದರು. ಶಾಲೆಯ ಲೈಬ್ರರಿಯಿಂದ ತಂದ ಒಂದು ಇಲಿಯ ಕತೆಯ ಪುಸ್ತಕವನ್ನು ಎರಡು ತಿಂಗಳಿಂದ ಯಾರಿಗೂ ಮುಟ್ಟಲು ಬಿಡದೆ ತಾನೇ ಇಟ್ಟುಕೊಂಡಿದ್ದಳು. ಅವಳಪ್ಪ ಮಾತ್ರ ಅದರ ರಟ್ಟನ್ನೂ ಸರಿಯಾಗಿ ನೋಡಿರಲಿಲ್ಲ. ಇವತ್ತು ಬೆಳಿಗ್ಗೆ ಅವಳು ಅದನ್ನು ಶಾಲೆಗೆ ಹೊತ್ತುಕೊಂಡು ಹೋಗಿದ್ದಳು.

ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ್ದಳು, "ಹೋದ ವಾರ ಒಬ್ಬನ ಅಪ್ಪ ಓದಿದ್ರು. ಅರ್ಧ ಕ್ಲಾಸು ನಿದ್ದೆ ಹೋಯ್ತು. ಅವತ್ತಿಂದ ಅವನನ್ನ ಎಲ್ರೂ ಜೋಗುಳ ಅಂತಾರೆ. ನೀನೂ ಹಂಗೆ ಮಾಡಿದ್ರೆ ನಾನಿನ್ನು ಸ್ಕೂಲ್ ಮೆಟ್ಲು ಹತ್ತಲ್ಲ, ನೋಡು."

ಈ ಮಾತು ಕೇಳಿಸಿಕೊಂಡ ತಾತ ಮತ್ತು ಎದುರುಮನೆ ಟೈಲರಮ್ಮ ಅವನಿಗೆ ಓದು ಕಲಿಸಲು ಬಂದಿದ್ದರು. ಪುಸ್ತಕ ಇಲ್ಲದ್ದಕ್ಕೆ ನಿನ್ನೆಯ ಪೇಪರು ಕೊಟ್ಟು ಈರುಳ್ಳಿ ರೇಟನ್ನು ಭಾವ ತುಂಬಿ ಓದಿಸಿದರು.

"ಇಲಿ ಬಂದಾಗ ಕೀಂಚ್ ಅನ್ಬೇಕು, ಹುಲಿ ಬಂದಾಗ ಗುರ್ ಅನ್ಬೇಕು. ಎಲ್ಲಿ, ಗುರ್ ಅನ್ನು," ಎಂದರು ಟೈಲರಮ್ಮ.

"ಅಕ್ಕಾ, ಅದ್ರಲ್ಲಿ ಹುಲಿ ಇಲ್ವಂತೆ."

"ಇಲ್ದಿದ್ರೆ ನೀನೇ ಒಂದು ಬಿಡು. ಕಾಸಾ ಕರೀಮಣಿಯಾ?"

ಆಮೇಲೆ ಕನ್ನಡಕ ಸತ್ತಿತು. ಕನ್ನಡಕದಂಗಡಿಯವನು ಎರಡು ದಿನ ಬೇಕೆಂದ. ಹೆಂಡತಿ ಕೆಲಸಕ್ಕೆ ಹೋದವಳು ಸಂಜೆಯವರೆಗೆ ಬರುವಂತಿಲ್ಲ. ತಾತ ದೊಡ್ಡ ಮನಸ್ಸು ಮಾಡಿ ತಮ್ಮ ಕನ್ನಡಕ ಕೊಟ್ಟರು. ಹಾಕಿಕೊಂಡರೆ ಅವನ ಕಾಲು ಅವನಿಗೇ ಪಕ್ಕದ ಬೀದಿಯಲ್ಲಿ ಇದ್ದಂತೆ ಕಂಡಿತು. ವಾಪಸ್ಸು ಕೊಟ್ಟು ಬರಿಗಣ್ಣಲ್ಲೇ ಹೊರಟ.

ಕ್ಲಾಸಿನಲ್ಲಿ ಗೋಡೆಯಿಂದ ಗೋಡೆಗೆ ದಾರ ಕಟ್ಟಿ ಪದಗಳ ಕಾರ್ಡು ನೇತು ಹಾಕಿದ್ದರು. 'ಮರ', 'ಸರ', 'ಬರ' ಮೂರೂ ಸಾಲಾಗಿ ಅವನ ಮೂಗಿಗೆ ಬಡಿದವು. ಕೂರಲು ಮಕ್ಕಳ ಕುರ್ಚಿ ಕೊಟ್ಟರು. ಕೂತರೆ ಮೊಣಕಾಲು ಕಿವಿಗೆ ಬಂತು. ಎದುರಿಗೆ ಚಾಪೆಯ ಮೇಲೆ ಮೂವತ್ತನಾಲ್ಕು ಮಕ್ಕಳು. ಮೊದಲ ಸಾಲಿನ ನಡುವೆ ಪಿಟೀಲು, ಮದುಮಗಳ ಹಾಗೆ ಬೀಗುತ್ತಾ.

ಟೀಚರು ಈ ವರ್ಷವಷ್ಟೇ ಬಂದವರು. ಮೊದಲ ಪುಟ ತಾವೇ ಓದಿದರು. ಒಂದು ಇಲಿಗೆ ದೊಡ್ಡ ಕುಂಬಳಕಾಯಿ ಸಿಕ್ಕಿತಂತೆ, ಕೊರೆದು ಮನೆ ಮಾಡಿಕೊಂಡಿತಂತೆ. "ಮುಂದಕ್ಕೆ ನೀವು ಓದಿ ಸಾರ್. ಪಕ್ಕದ ಕ್ಲಾಸಿಗೆ ಇವತ್ತು ಯಾರೂ ಇಲ್ಲ, ಸೂರು ಹಾರಿ ಹೋಗೋ ಹಂಗಿದೆ," ಎಂದು ಓಡಿದರು.

ಅವನು ಪುಟ ತೆರೆದ. ಅಕ್ಷರಗಳು ಸಕ್ಕರೆ ಡಬ್ಬಿಗೆ ಹೊರಟ ಇರುವೆಗಳಂತಿದ್ದವು. ಕಾಣಿಸುತ್ತಿಲ್ಲ ಮಕ್ಕಳೇ ಅಂತ ಹೇಳಿಬಿಡೋಣ ಎನ್ನುವಷ್ಟರಲ್ಲಿ ಹಿಂದಿನ ಸಾಲಿನಿಂದ ಜೋಗುಳ ಜೋರಾಗಿ ಆಕಳಿಸಿದ. ಪಿಟೀಲಿನ ಮುಖ ಸಣ್ಣದಾಯಿತು.

"ಆಮೇಲೆ..." ಎಂದ ಅವನು, ಪುಸ್ತಕ ಮುಖಕ್ಕೆ ಒತ್ತಿಕೊಂಡು, "ಆಮೇಲೆ ಇಲಿ ಮನೆ ನಲ್ಲಿ ಸೋರೋಕೆ ಶುರುವಾಯ್ತು."

ಪಾಪ, ಅವನಿಗೆ ಗೊತ್ತಿದ್ದದ್ದೇ ಅದು. ಇಲಿ ನಲ್ಲಿ ರಿಪೇರಿಗೆ ಆನೆಯನ್ನು ಕರೆಸಿತು. ಆನೆ ಬೆನ್ನ ಮೇಲೆ ಪೈಪು, ಸೊಂಡಿಲಲ್ಲಿ ಸ್ಪ್ಯಾನರು ಹಿಡಿದು ಬಂತು. "ಎರಡೇ ನಿಮಿಷದ ಕೆಲ್ಸ ಮೇಡಂ" ಅಂದು ಮೂರು ದಿನ ತೆಗೆದುಕೊಂಡಿತು. ತಲೆ ಕುಂಬಳಕಾಯಿಯ ಬಾಗಿಲಲ್ಲಿ ಸಿಕ್ಕಿಕೊಂಡಿತು. ಅದನ್ನೇ ಟೋಪಿ ಮಾಡಿಕೊಂಡು ಬಸ್ಸು ಹತ್ತಿತು. ಕಂಡಕ್ಟರು ಆನೆಗೊಂದು, ಮನೆಗೊಂದು, ಒಳಗಿದ್ದ ಇಲಿಗೊಂದು ಟಿಕೆಟ್ ಹರಿದ. ಮಕ್ಕಳು ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಉರುಳಾಡಿದರು. ಜೋಗುಳನಿಗೆ ಬಿಕ್ಕಳಿಕೆ ಹತ್ತಿತು.

"ಅಂಕಲ್, ಚಿತ್ರ ತೋರ್ಸಿ!"

"ಚಿತ್ರ ಕೊನೇಲಿ," ಎಂದು ಅವನು ಪುಟ ತಿರುಗಿಸುತ್ತಲೇ ಹೋದ. ಕಡೆಗೆ ಆನೆಯನ್ನು ಊರಿಗೆ ಕಳಿಸಿ, ಇಲಿಯನ್ನು ಮಲಗಿಸಿ ಪುಸ್ತಕ ಮುಚ್ಚಿದ. ಚಪ್ಪಾಳೆಗೆ ಕಿಟಕಿ ಗಾಜು ನಡುಗಿತು. ಪಿಟೀಲಿನ ಮುಖದಲ್ಲಿ ಸಾವಿರ ಬಲ್ಬು.

ಬಚಾವಾದೆ ಅಂತ ಎದ್ದರೆ ಕುರ್ಚಿಯೂ ಅವನ ಜೊತೆ ಎದ್ದಿತು. ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಟೀಚರು ಬಂದರು.

"ಮಕ್ಕಳೇ, ಈಗ ಚಟುವಟಿಕೆ! ನಿಮಗೆ ತುಂಬಾ ಇಷ್ಟ ಆದ ಚಿತ್ರ ಬರೀರಿ. ಕೆಳಗಡೆ ಅದು ಪುಸ್ತಕದ ಎಷ್ಟನೇ ಪುಟದಲ್ಲಿದೆ ಅಂತ ಹಾಕಿ."

ಹತ್ತು ನಿಮಿಷದಲ್ಲಿ ಮೂವತ್ಮೂರು ಆನೆಗಳು ತಯಾರಾದವು. ಒಬ್ಬ ಮಾತ್ರ ಕುರ್ಚಿ ಅಂಟಿದ ಅಂಕಲನ್ನು ಬರೆದಿದ್ದ.

ಪುಟ ಹುಡುಕಲು ಪುಸ್ತಕ ಮೊದಲು ಹಿಡಿದವನು ಜೋಗುಳ. ನಾಲ್ಕು ಹಾಳೆ ತಿರುವಿ ಕೂಗಿದ, "ಟೀಚರ್, ಆನೇನೇ ಇಲ್ಲ! ಅಂಕಲ್ ಸುಳ್ಳು ಓದಿದ್ರು!"

"ನಮ್ಮಪ್ಪ ಸುಳ್ಳು ಓದಲ್ಲ! ನಿಂಗೆ ಹುಡುಕೋಕೆ ಬರಲ್ಲ, ಕೊಡಿಲ್ಲಿ," ಎಂದು ಪಿಟೀಲು ಕಿತ್ತುಕೊಂಡು ಬೀರುವಿನ ಪಕ್ಕಕ್ಕೆ ಹೋದಳು. "ಸುಳ್ಳು ಸುಳ್ಳು" ಅಂತ ಇಡೀ ಚಾಪೆ ಹಾಡತೊಡಗಿತು.

"ಯಾವ ಪುಟದಲ್ಲಿತ್ತು ಸಾರ್?" ಟೀಚರು ಕೇಳಿದರು.

"ಹಿಂದೆ... ಅಲ್ಲ ಮುಂದೆ... ನಡೂಲಿ ಎಲ್ಲೋ..."

ಗಲಾಟೆ ಕೇಳಿ ಹೆಡ್ಮಿಸ್ಸೇ ಬಂದರು. ಅವರ ಚಪ್ಪಲಿ ಸದ್ದಿಗೆ ಗೋಡೆಯ ಮೇಲಿನ ಹಲ್ಲಿಯೂ ಕೈ ಕಟ್ಟಿ ನಿಲ್ಲುತ್ತಿತ್ತು. ಇನ್ನು ತಪ್ಪಿಸಿಕೊಳ್ಳುವಂತಿಲ್ಲ ಅಂತ ಅವನು ಬಾಯಿ ತೆರೆದ, "ಮೇಡಂ, ನಿಜ ಹೇಳ್ಬೇಕಂದ್ರೆ..."

"ಟೀಚರ್!" ಪಿಟೀಲು ಕಿರುಚಿದಳು. "ನಡೂಲಿ ಹಾಳೆಗಳೇ ಇಲ್ಲ! ಎಂಟಾದ್ಮೇಲೆ ಹದಿಮೂರಿದೆ!"

ಹೆಡ್ಮಿಸ್ಸು ಎಣಿಸಿ ನೋಡಿದರು. "ಓದುವಾಗ ಇತ್ತು, ಈಗಿಲ್ಲ. ಪುಸ್ತಕ ಯಾರ ಕೈಲಿತ್ತು?"

ಮೂವತ್ತಕ್ಕೂ ಹೆಚ್ಚು ಬೆರಳು ಅವನ ಕಡೆ ತಿರುಗಿದವು. ಹಾಳೆ ಇರಲಿಲ್ಲ ಎಂದರೆ ಆನೆ ಎಲ್ಲಿಂದ ಬಂತು? ಓದಲೇ ಇಲ್ಲ ಎಂದರೆ ಮಗಳು ಸುಳ್ಳನ ಮಗಳಾಗುತ್ತಾಳೆ. ಅಡಕತ್ತರಿಯಲ್ಲಿ ಸಿಕ್ಕ ಹಾಗಾಯಿತು.

"ಸ್ಪ್ಯಾನರ್ ಹಿಡಿಯೋ ಕೈ ಮೇಡಂ, ಒರಟು. ತಿರುಗಿಸುವಾಗ ಕಿತ್ಕೊಂಡ್ ಬಂದಿರ್ಬೇಕು."

"ಹಾಳೆ ಎಲ್ಲಿ?"

"ಗಾಳಿಗೆ... ಹೋಯ್ತು."

ಎಲ್ಲರೂ ಕಿಟಕಿ ನೋಡಿದರು. ಮುಚ್ಚಿತ್ತು. ಫ್ಯಾನೂ ನಿಂತಿತ್ತು.

"ನಾಳೆ ಬೆಳಿಗ್ಗೆ ಇದೇ ಪುಸ್ತಕ ಹೊಸದು ತಂದು ಕೊಡಿ," ಎಂದರು ಹೆಡ್ಮಿಸ್ಸು. "ಮಕ್ಕಳು ಇಷ್ಟೊಂದು ಮೆಚ್ಕೊಂಡಿದ್ದಾರೆ, ಇಡೀ ಶಾಲೆಗೆ ನೀವೇ ಓದಿ. ನಾನು ಪಕ್ಕದಲ್ಲೇ ಕೂತು ಒಂದೊಂದು ಚಿತ್ರಾನೂ ತೋರಿಸ್ತೀನಿ. ಆ ಆನೇನ ನಾನೂ ನೋಡ್ಬೇಕು."

ಮನೆಗೆ ಹೋಗುವಾಗ ಅವನು ದಾರಿಯುದ್ದಕ್ಕೂ ಗೊಣಗಿದ. "ಯಾವ ಕೋತಿ ಕಿತ್ತಿತ್ತೋ ಆ ಹಾಳೇನ! ಕೈಗೆ ಸಿಗ್ಲಿ, ಕಿವಿ ಹಿಡಿದು ನಲ್ಲಿ ತಿರುಗಿಸ್ದಂಗೆ ತಿರುಗಿಸ್ತೀನಿ."

ಪಿಟೀಲು ಹುಟ್ಟಿದಾಗಿನಿಂದ ಮೊದಲ ಸಲ ಸುಮ್ಮನಿದ್ದಳು. ತಿರುವಿನಲ್ಲಿ ನಿಂತು ಕಾಲುಚೀಲದೊಳಗಿಂದ ಮಡಿಸಿದ ಎರಡು ಹಾಳೆ ತೆಗೆದಳು.

"ಕಿವಿ ಹಿಡಿಯಲ್ಲ ಅಂತ ಹೇಳು ಮೊದ್ಲು."

"ಎಲ್ಲಿತ್ತೇ ಇದು?"

"ಪುಸ್ತಕದಲ್ಲೇ ಇತ್ತು. ಇದ್ರಲ್ಲಿ ಇಲಿ ಬರೀ ಬೀಜ ತಿನ್ನುತ್ತೆ, ಆನೆ ಇಲ್ಲ. ಎಲ್ರೂ ನಿನ್ನ ಸುಳ್ಳ ಅಂತಿದ್ರು. ಅದಕ್ಕೆ ಬೀರು ಪಕ್ಕ ಹೋಗಿ ಹರಿದೆ. ಈಗ ಯಾರೂ ಅನ್ನಂಗಿಲ್ಲ."

ಬೈಯಬೇಕೋ ಮುದ್ದಿಸಬೇಕೋ ತಿಳಿಯದೆ ಅವನು ರಸ್ತೆ ಪಕ್ಕದ ಕಟ್ಟೆಯ ಮೇಲೆ ಕುಸಿದ. "ಅಯ್ಯೋ ನನ್ ತಾಯಿ! ಹೊಸ ಪುಸ್ತಕದಲ್ಲಿ ಈ ಹಾಳೆ ಗಟ್ಟಿಯಾಗಿ ಹೊಲಿದಿರ್ತಾರಲ್ಲೇ! ಪಕ್ಕದಲ್ಲಿ ಹೆಡ್ಮಿಸ್ಸು ಬೇರೆ!"

ಮಗಳು ಅವನ ಬೆನ್ನು ತಟ್ಟಿದಳು.

"ಅದಕ್ಯಾಕಪ್ಪ ಅಷ್ಟು ಚಿಂತೆ? ಅಂಗಡಿಯಿಂದ ತಂದ ತಕ್ಷಣ ನನ್ ಕೈಗೆ ಕೊಡು."