ರೈಲಿಗೂ ಗುಮ್ಮಟದ ಪಿಸ್ಟನ್ನಿಗೂ ಬಿದ್ದ ಪಂದ್ಯ

ಮೋಟಾರ್ ಸೈಕಲ್ ರಿಪೇರಿ ಅಂಗಡಿಯಲ್ಲಿ ನಗುವ ಸಂಗತಿಗಳಿಗೆ ಬರವಿಲ್ಲ. ಅವು ನಡೆಯುವ ಹೊತ್ತಿನಲ್ಲಿ ಮಾತ್ರ ಯಾರಿಗೂ ನಗು ಬರುವುದಿಲ್ಲ. ಚಿನ್ನದ ಗಣಿಯ ಪಕ್ಕದ ಆಂಡರ್ಸನ್‌ಪೇಟೆಯಲ್ಲಿ ನಾನೂ ನನ್ನ ಗೆಳೆಯನೂ ಪಾಲಿನಲ್ಲಿ ಅಂಗಡಿ ಇಟ್ಟಿದ್ದ ದಿನಗಳವು, ಸಾವಿರದ ಒಂಬೈನೂರ ಅರವತ್ತರ ಆಸುಪಾಸು. ಗೆಳೆಯನ ಮದುವೆ ಒಂದು ಪಿಸ್ಟನ್ನಿನ ತಲೆಯ ಮೇಲೆ ನಿಂತಿತ್ತು ಅಂದರೆ ಈಗಿನವರು ನಂಬುವುದಿಲ್ಲ.

ತಲೆ ಆರಿಸಿದ್ದು

ಗೆಳೆಯನ ಸೋದರಮಾವ ಬಂಗಾರಪೇಟೆಯ ಕಡಲೆಕಾಯಿ ಮಂಡಿಯವರು. ಮಗಳನ್ನು ಅಕ್ಕನ ಮಗನಿಗೇ ಕೊಡುವುದೆಂದು ತೊಟ್ಟಿಲಲ್ಲೇ ಮಾತಾಗಿತ್ತು. ಅಷ್ಟರಲ್ಲಿ ಒಬ್ಬ ರೈಲ್ವೆ ಗುಮಾಸ್ತನ ಸಂಬಂಧ ಬಂತು, ಮಾವನ ಮನಸ್ಸು ಹೊಯ್ದಾಡಿತು. ಒಂದು ಬೆಳಿಗ್ಗೆ ಅವರು ಮಿಲಿಟರಿ ಹರಾಜಿನಲ್ಲಿ ಕೊಂಡ, ಪಿಸ್ಟನ್ ಸವೆದ ಐನೂರು ಸಿ.ಸಿ. ಮೋಟಾರ್ ಸೈಕಲ್ಲನ್ನು ಎತ್ತಿನಗಾಡಿಯಲ್ಲಿ ಹೇರಿಕೊಂಡು ಬಂದು ನಮ್ಮ ಅಂಗಡಿ ಮುಂದೆ ಇಳಿಸಿದರು.

“ನೋಡ್ಲಾ, ಇದು ಬಂಗಾರಪೇಟೆಯಿಂದ ಕೋರಮಂಡಲ್ ಟೇಸನ್‌ಗೆ ರೈಲಿಗಿಂತ ಮುಂಚೆ ಓಗ್ಬೇಕು. ಗಾಡಿ ಗೆದ್ರೆ ಎಣ್ಣು ನಿಂಗೆ. ರೈಲು ಗೆದ್ರೆ ರೈಲ್ವೆಯವನಿಗೆ.”

ಗೆಳೆಯ ಬೆಂಚಿನ ಮೇಲೆ ಮೂರು ಪಿಸ್ಟನ್ ಇಟ್ಟ. ಒಂದರ ತಲೆ ಬಟ್ಟಲಿನಂತೆ ತಗ್ಗು, ಒಂದರದು ಚಪ್ಪಟೆ, ಇನ್ನೊಂದರದು ಗುಮ್ಮಟ. ತಲೆ ಉಬ್ಬಿದಷ್ಟೂ ಮೇಲೆ ಜಾಗ ಕಮ್ಮಿ; ಪೆಟ್ರೋಲೂ ಗಾಳಿಯೂ ಬಿಗಿಯಾಗಿ ಅದುಮಿಸಿಕೊಂಡು ಗಾಡಿಗೆ ಕಸುವು ಹೆಚ್ಚು. ಅತಿಯಾದರೆ ಎಂಜಿನ್ ಕಾದು, ಟಣಟಣ ಕುಟ್ಟಿಕೊಂಡು, ಪಿಸ್ಟನ್ನೇ ತೂತಾಗುತ್ತದೆ. ನಮ್ಮ ಕಡೆಯ ಪೆಟ್ರೋಲಿಗೆ ಚಪ್ಪಟೆಯೇ ಸರಿ ಅಂದೆ. ಮಾವ ಗುಮ್ಮಟವನ್ನು ಎತ್ತಿಕೊಂಡರು.

ಗೆಳೆಯ ಎದುರಿಗೆ ಯಾರಿದ್ದಾರೆಂಬುದನ್ನೇ ಮರೆತ. “ಬ್ಯಾಡ ಮಾವ. ಇಂಗೆ ನುಣ್ಣಗೆ, ಗುಂಡಗೆ ಇರೋ ತಲೆ ಸುಮ್ಸುಮ್ಕೆ ಬಿಸಿ ಆಯ್ತದೆ. ತಡಕೊಳ್ಳಾಕಾಗಲ್ಲ.”

ಮಾವ ಬಿಚ್ಚಿಟ್ಟಿದ್ದ ಪೇಟವನ್ನು ನಿಧಾನವಾಗಿ ಎತ್ತಿ ತಮ್ಮ ಬೋಳುತಲೆಯ ಮೇಲೆ ಇಟ್ಟುಕೊಂಡರು. ಆಮೇಲೆ ಗುಮ್ಮಟ ಬೇಡ ಅನ್ನುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.

ಮುದ್ದೆ ಪರೀಕ್ಷೆ

ಗುಮ್ಮಟದ ಪಿಸ್ಟನ್ ಮೇಲೆ ಬಂದಾಗ ವಾಲ್ವಿಗೆ ತಾಗಬಾರದು. ತಾಗಿದರೆ ಎಂಜಿನ್ ಹೋಯಿತು, ಮದುವೆಯೂ ಹೋಯಿತು. ನಡುವಿನ ಸಂದು ತಿಳಿಯಬೇಕಾದರೆ ಪಿಸ್ಟನ್ ಮೇಲೆ ಮೆತ್ತನೆಯದೇನಾದರೂ ಇಟ್ಟು, ಹೆಡ್ ಎಂಬ ಮೇಲಿನ ಮುಚ್ಚಳ ಬಿಗಿದು, ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ, ಮತ್ತೆ ಬಿಚ್ಚಿ ಅಚ್ಚು ನೋಡಬೇಕು. ಜೇಡಿಮಣ್ಣು ಇಡೋಣವೆಂದರೆ ನಮ್ಮೂರ ಮಣ್ಣಿನಲ್ಲಿ ಮರಳು ಜಾಸ್ತಿ, ಸಿಲಿಂಡರ್ ಗೀರುತ್ತದೆ. ಗೆಳೆಯ ಮನೆಗೆ ಓಡಿ ರಾಗಿಮುದ್ದೆ ತಂದ. ಏನೋ ಎಂತೋ ಎಂದು ಅವನ ತಾಯಿಯೂ ಹಿಂದೆಯೇ ಬಂದರು.

ಮುದ್ದೆಗೆ ಎಣ್ಣೆ ಸವರಿ ಇಟ್ಟೆವು. ಬಿಚ್ಚಿ ನೋಡಿದರೆ ಒಂದು ಕಡೆ ಮುದ್ದೆ ಹಪ್ಪಳದಷ್ಟು ತೆಳ್ಳಗಾಗಿತ್ತು. ಪಿಸ್ಟನ್ ತಲೆಯನ್ನು ಅಲ್ಲಿ ಅರದಿಂದ ಉಜ್ಜಿ ಗುಳಿ ಮಾಡಿದೆವು. ಮತ್ತೆ ಮುದ್ದೆ, ಮತ್ತೆ ಅಚ್ಚು, ಮತ್ತೆ ಅರ. ಬೆವರು ಕಣ್ಣಿಗಿಳಿಯುತ್ತಿತ್ತು, ಒರೆಸಿಕೊಳ್ಳಲು ಪುರುಸೊತ್ತಿಲ್ಲ.

ತಾಯಿ ತಡೆಯಲಾರದೆ ಅಂದರು: “ಆವಾಗ್ನಿಂದ ಒಣಮುದ್ದೆ ತಿನ್ನಿಸ್ತಾ ಇದ್ದೀರಲ್ರೋ, ಪಾಪ! ಒಸಿ ಸಾರು ತರ್ಲಾ?”

ಮೊದಲ ಒದೆ

ಮೊದಲ ಕಿಕ್ ನನ್ನದೇ ಅಂತ ಮಾವ ಹಟ ಹಿಡಿದರು. ಒತ್ತಡ ಬಿಡುವ ಸಣ್ಣ ಲಿವರ್ ಹಿಡಿದೇ ಒದೆಯಬೇಕು, ಇಲ್ಲದಿದ್ದರೆ ಗುಮ್ಮಟ ತಿರುಗಿ ಒದೆಯುತ್ತದೆ ಎಂದು ಕೈಮುಗಿದು ಹೇಳಿದೆವು.

“ನಂಗೇ ಯೋಳ್ಕೊಡ್ತೀರಾ?” ಅಂದವರೇ ಲಿವರ್ ಮುಟ್ಟದೆ ಒದ್ದರು.

ದಡ್ ಅಂತ ಕಿಕ್ಕರ್ ವಾಪಸ್ ಬಂತು. ಮಾವ ನೆಲದ ಮೇಲೆ, ಮಾವನ ಬಲಗಾಲ ಮೆಟ್ಟು ಎದುರಂಗಡಿಯ ತಗಡಿನ ಮೇಲೆ. ಗೆಳೆಯನ ಮುಖ ಸುಣ್ಣವಾಯಿತು. ಕಾಲು ಮುರಿದಿದ್ದರೆ ಯಾವ ಬಾಯಲ್ಲಿ ಹೆಣ್ಣು ಕೇಳುವುದು?

ಮಾವ ಪಾದ ಆಡಿಸಿ ನೋಡಿದರು. ತಗಡಿನ ಕಡೆಯೂ ನೋಡಿದರು. “ಆಹಾ, ಇದಪ್ಪಾ ಇಂಜಿನ್ನು! ತಡಿ, ಇನ್ನೊಂದು ಮೆಟ್ಟೂ ಬಿಟ್ಬಿಟ್ಟು ಬತ್ತೀನಿ.”

ಪಂದ್ಯ

ಬಂಗಾರಪೇಟೆಯಲ್ಲಿ ಮಾವ ಹ್ಯಾಂಡಲ್ ಹಿಡಿದರು, ಗೆಳೆಯ ಹಿಂದೆ ಕೂತ. ಹುಡುಗಿ ಮತ್ತು ಅವಳ ತಾಯಿಯ ಜೊತೆ ನಾನು ರೈಲಿನಲ್ಲಿ, ಸಾಕ್ಷಿಗೆ. ರೈಲು ಕೂಗಿತು, ಗಾಡಿ ಗುಡುಗಿತು.

ರಸ್ತೆ ಹಳಿಯ ಪಕ್ಕದಲ್ಲೇ ಓಡುತ್ತಿತ್ತು; ಮೊದಲು ರೈಲೇ ಮುಂದಾಯಿತು. ಹುಡುಗಿ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದಿದ್ದಳು. ನಾನು ಗಾಡಿಯ ಎಂಜಿನ್ ಟಣಟಣ ಕುಟ್ಟಿಕೊಂಡೀತೇ ಎಂದು ಕಿವಿಗೊಟ್ಟು ಊರಿನ ದೇವರಿಗೆಲ್ಲ ಹರಕೆ ಹೊತ್ತೆ. ಏರು ಬಂತು. ರೈಲು ಏದುಸಿರು ಬಿಡತೊಡಗಿತು. ಗಾಡಿ ಮಾತ್ರ ಒಂದೇ ಸಮನೆ ಗುಡುಗುತ್ತಾ ನಮ್ಮನ್ನು ದಾಟಿ ತಿರುವಿನಾಚೆ ಮಾಯವಾಯಿತು. “ಗೆದ್ದೆವು!” ಎಂದು ಕೂಗಿದೆ. ಹುಡುಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ತಿರುವು ದಾಟಿದರೆ ರೈಲ್ವೆ ಗೇಟು. ಮುಚ್ಚಿದ ಗೇಟಿನ ಹಿಂದೆ, ಎತ್ತಿನಗಾಡಿಗಳ ಮಧ್ಯೆ, ಮಾವನೂ ಗೆಳೆಯನೂ ನಮ್ಮ ರೈಲು ಹೋಗಲಿ ಎಂದು ಕಾಯುತ್ತಾ ನಿಂತಿದ್ದರು. ಹುಡುಗಿಯ ಕಿಟಕಿ ಮುಂದೆ ಹಾಯುವಾಗ ಗೆಳೆಯ ಕತ್ತು ಚಾಚಿ ಅವಳನ್ನೇ ನೋಡಿದ.

ಕೋರಮಂಡಲ್ ಸ್ಟೇಷನ್ನಿನಲ್ಲಿ ನಾವು ಇಳಿದ ಮೇಲೆ ಅವರು ಬಂದರು. ಮಾವ ದೂರದಿಂದಲೇ ಕೂಗಿದರು: “ಗೇಟಿಗೆ ನಾನೇ ಮೊದ್ಲು!”

“ಊಂ ಕಣತ್ತೆ, ಗೇಟಿಗೆ ನಾವೇ ಮೊದ್ಲು,” ಅಂದ ಗೆಳೆಯ, ಅಳುವ ದನಿಯಲ್ಲಿ.

ಹುಡುಗಿಯ ತಾಯಿ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ ಗಂಡನಿಗೆ ಅಂದರು: “ರೈಲು ಬಂದ್ರೆ ಗೇಟ್ ಆಕ್ತಾರೆ ಅನ್ನೋದು ನಮ್ಮನೆ ಎಮ್ಮೆಗೂ ಗೊತ್ತು. ನಿಮ್ಗೂ ಒಳೀಲಿಲ್ಲ, ಇವನಿಗೂ ಒಳೀಲಿಲ್ಲ. ಆ ಗುಮಾಸ್ತ ಬುದ್ಧಿವಂತ, ನಿಮ್ಮ ಜತೆ ಒಂದಿನ ಬಾಳಲ್ಲ. ಎಣ್ಣು ಇವನಿಗೇ ಕೊಟ್ಬಿಡಿ. ಈಡುಜೋಡು ಅಂದ್ರೆ ನಿಮ್ಮಿಬ್ರುದೇ!”